ಹನ್ನೆರಡನೇ ಮಹಡಿಯ ಪರಿಚಯ

"ಡೈರೆಕ್ಟರ ಪರಿಚಯ ನಿಮಗೆ ಇದೆಯೋ ಇಲ್ಲವೋ, ಅಷ್ಟು ಹೇಳಿ ಸಾಕು," ಎಂದರು ವಿಚಾರಣೆಗೆ ಕೂತಿದ್ದ ಮೇಡಂ.

ಲಿಫ್ಟ್ ನಡೆಸುವವನ ನಾಲಿಗೆ ಹುಟ್ಟಿದಾರಭ್ಯ ಮೊದಲ ಸಲ ಅಂಗುಳಕ್ಕೆ ಅಂಟಿಕೊಂಡಿತು. ಅದೇನು ಸಾಮಾನ್ಯ ನಾಲಿಗೆಯೇ? ಅದು ಹೊರಟಿತೆಂದರೆ ಗಾಳಿಯೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಈ ತಾಂತ್ರಿಕ ವಿಶ್ವವಿದ್ಯಾಲಯದ ಹನ್ನೆರಡು ಮಹಡಿಗಳನ್ನು ಇಪ್ಪತ್ತೆರಡು ವರ್ಷ ಅವನು ಹತ್ತಿಳಿದದ್ದನ್ನು ಕೂಡಿಸಿದರೆ ಚಂದ್ರನಲ್ಲಿಗೆ ಹೋಗಿ ಬಂದು, ಮರೆತ ಛತ್ರಿ ತರಲು ಇನ್ನೊಮ್ಮೆ ಹೋಗಬಹುದಿತ್ತು. ಸಂಜೆ ಬೀದಿಯಲ್ಲಿ ಅವನ ಮಾತು ಕೇಳಬೇಕು: ಡೈರೆಕ್ಟರು ಅವನನ್ನು ಕೇಳದೆ ಒಂದು ಕಾಗದಕ್ಕೂ ಸಹಿ ಹಾಕರು, ಸೀನಿದರೂ ಮೊದಲು ಇವನ ಕಡೆ ನೋಡುತ್ತಾರೆ. ಬೀದಿಯವರು ಅವನಿಗೆ 'ಹನ್ನೆರಡನೇ ಮಹಡಿ' ಎಂದೇ ಹೆಸರಿಟ್ಟಿದ್ದರು. ಅವನ ಮಾತು ಅದಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ.

ಅಕ್ಕನ ಮಗಳಿಗೆ ಇಲ್ಲಿ ಸೀಟು ಸಿಕ್ಕಿದ ದಿನವಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಎರಡು ಲಕ್ಷ ಮಂದಿ ಬರೆದು ಇನ್ನೂರು ಮಂದಿ ದಡ ಸೇರಿದ ಪರೀಕ್ಷೆ. ಹುಡುಗಿ ಎರಡು ವರ್ಷ ಬಟ್ಟೆ ಒಗೆಯುವ ಮೆಷಿನ್ನಿನ ಗಡಗಡದ ಪಕ್ಕ ಕೂತು ಓದಿದ್ದಳು. ಎಂಥ ಪುಂಡ ಲೆಕ್ಕವಾದರೂ ಅವಳನ್ನು ಕಂಡರೆ ಕೈಕಟ್ಟಿ ನಿಂತು ತಾನೇ ಉತ್ತರ ಒಪ್ಪಿಸುತ್ತಿತ್ತು. ಮಾವ ಮಾತ್ರ, ತಾನೊಂದು ಮಾತು ಹಾಕಿದ್ದಕ್ಕೇ ಕೆಲಸ ಆಯಿತೆಂದು ಬೀದಿಯ ಈ ತುದಿಯಿಂದ ಆ ತುದಿಗೆ ಸಾರಿ ಬಂದ. ಎದುರುಮನೆಯ ಟೈಲರನ ಮಗನಿಗೆ ಸೀಟು ತಪ್ಪಿತ್ತು. ಆತ ಈ ಮಾತನ್ನು ಒಂದಿಂಚೂ ಕತ್ತರಿಸದೆ ಕಾಗದದಲ್ಲಿ ಹೊಲಿದು ವಿಶ್ವವಿದ್ಯಾಲಯಕ್ಕೆ ಕಳಿಸಿದ. ಇಲ್ಲಿಯ ನಿಯಮ ಒಂದೇ ಸಾಲಿನದು: ಶಿಫಾರಸಿನ ನೆರಳು ಬಿದ್ದರೂ ಸೀಟು ರದ್ದು.

ಹುಡುಗಿ ಪಕ್ಕದ ಕುರ್ಚಿಯಲ್ಲಿ ಕಲ್ಲಿನಂತೆ ಕೂತಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ ಒಂದೇ ಮಾತು ಹೇಳಿದ್ದಳು: "ಮಾವ, ಇವತ್ತೊಂದು ದಿನ ನೀನು ಯಾರೂ ಅಲ್ಲ ಅಂತ ಒಪ್ಕೊಂಡ್ಬಿಡು."

ಬೆಟ್ಟ ಎತ್ತುವವನ ಹಾಗೆ ಉಸಿರು ಬಿಗಿಹಿಡಿದು ಅವನು ಬಾಯಿ ತೆರೆದ. "ಇಲ್ಲ ಮೇಡಂ. ಬೀದೀಲಿ ಹೇಳಿದ್ದೆಲ್ಲ ಬರೀ ಬೊಗಳೆ. ಅವರು ಮೇಷ್ಟ್ರಾಗಿದ್ದಾಗ ಲಿಫ್ಟಲ್ಲಿ ಫೈಲು ನೋಡ್ತಿದ್ರು, ಡೈರೆಕ್ಟರಾದ್ಮೇಲೆ ಫೋನ್ ನೋಡ್ತಾರೆ. ನನ್ನ ಮುಖ ನೋಡಿದ್ದೇ ಇಲ್ಲ. ಆ ಲಿಫ್ಟಲ್ಲಿ ಇಲ್ಲದ ಮಹಡಿಯ ಹದಿಮೂರನೇ ಗುಂಡಿ ನಾನು, ಒತ್ತೋರೂ ಇಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವನ ಎತ್ತರ ಒಂದು ಗೇಣು ಇಳಿದಿತ್ತು. ಇಂಥ ಮಾತು ಯಾರೂ ಸುಳ್ಳಿಗೆ ಆಡುವುದಿಲ್ಲವೆಂದು ಮೇಡಂಗೂ ಅನಿಸಿರಬೇಕು. ದೂರಿನಲ್ಲಿ ಹುರುಳಿಲ್ಲ ಎಂದು ಒಂದು ಸಾಲು ಬರೆದರು. ಮೇಜಿನ ಕೆಳಗೆ ಹುಡುಗಿಯ ಕೈ ಬಂದು ಮಾವನ ಕಿರುಬೆರಳನ್ನು ಹಿಡಿದುಕೊಂಡಿತು.

ಆಗ ಬಾಗಿಲು ತೆರೆಯಿತು. ಇನ್ಯಾವುದೋ ಫೈಲು ಬೇಕೆಂದು ಡೈರೆಕ್ಟರೇ ಒಳಗೆ ಬಂದರು. ಅವರ ಕಣ್ಣಿಗೆ ಬೀಳಲೆಂದು ದಿನಾ ಎದೆಯುಬ್ಬಿಸಿ ನಿಲ್ಲುತ್ತಿದ್ದವನು ಈಗ ಗೋಡೆಯ ಕಡೆ ತಿರುಗಿ, ಇದ್ದಬದ್ದ ದೇವರನ್ನೆಲ್ಲ ನೆನೆದು, ಬಣ್ಣದೊಳಗೆ ಬಣ್ಣವಾಗಲು ನೋಡಿದ. ಫೈಲು ಹಿಡಿದು ಹೊರಟ ಡೈರೆಕ್ಟರು ಬಾಗಿಲಲ್ಲಿ ನಿಂತರು. ವಾಪಸು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ನೀವೇನು ಇಲ್ಲಿ? ಮೊಣಕಾಲು ನೋವು ಹೇಗಿದೆ?" ಎಂದರು, ಮನೆಯವರನ್ನು ಕೇಳುವ ಹಾಗೆ. "ದಿನಾ ಹೇಳ್ತಿದ್ರಲ್ಲ, ಅಕ್ಕನ ಮಗಳು ಲೆಕ್ಕದಲ್ಲಿ ಹುಲಿ, ಇಲ್ಲಿಗೇ ಬರೀತಾಳೆ ಅಂತ. ನಾನು ಫೋನ್ ನೋಡ್ತಿದ್ರೂ ಎಲ್ಲ ಕೇಳಿಸ್ಕೊಳ್ತಿದ್ದೆ. ಏನಾಯ್ತು, ಸಿಕ್ತಾ ಸೀಟು?"

ಲಿಫ್ಟಿನ ಗೋಡೆಗೆ ಹೇಳಿಕೊಂಡೆ ಎಂದು ಅವನು ಅಂದುಕೊಂಡಿದ್ದ ಮಾತುಗಳು ಅವು. ಮೇಡಂ ತಲೆ ಎತ್ತದೆ, ಬರೆದ ಸಾಲಿನ ಮೇಲೆ ನಿಧಾನವಾಗಿ ಗೆರೆ ಎಳೆದರು.

ಹುಡುಗಿ ಎದ್ದು ನಿಂತಳು.

"ಸಿಕ್ಕಿತ್ತು ಸರ್," ಎಂದಳು. "ನೀವು ಕೇಳೋವರೆಗೂ ಇತ್ತು."