ಏಳನೇ ಸಾಲು

ಮಾಧುರಿ ಮತ್ತೆ ಸಾಹೇಬರ ಕ್ಯಾಬಿನ್ನಿಗೆ ಹೋದಳು. ಬೆಳಗಿನಿಂದ ಇದು ಮೂರನೇ ಸಲ. ಬಾಗಿಲು ಮುಚ್ಚಿಕೊಂಡಿತು.

ಶಿವಕುಮಾರಿ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡೇ ಗಾಜಿನ ಆಚೆ ನೋಡಿದಳು. ಮಾಧುರಿಯ ಕೈಯಲ್ಲಿ ಕೋಕಮ್ ಶರಬತ್ತು, ಅದರ ತುಂಬ ಐಸು. ರೆಕಾರ್ಡಿಂಗ್ ಇರುವ ವಾರ ತಣ್ಣೀರನ್ನೂ ಮುಟ್ಟದ ಗಾಯಕಿ. ಹಾಡು ಕೈಸೇರಿದ ಮೇಲೆ ಗಂಟಲಿನ ಚಿಂತೆ ಯಾರಿಗೆ?

ಸಾಂತಾಕ್ರೂಜ್ ಸ್ಟೇಷನ್ನಿನ ಹಿಂದಿನ ಆ ಸಣ್ಣ ಮ್ಯೂಸಿಕ್ ಕಂಪನಿಗೆ ಕ್ರಿಸ್‌ಮಸ್ ಬರುವುದು ಅಕ್ಟೋಬರ್‌ನಲ್ಲಿ. ಗಲ್ಲಿಯಲ್ಲಿ ದೀಪಾವಳಿಯ ಆಕಾಶಬುಟ್ಟಿ ಮಾರುತ್ತಿರುವಾಗ ಒಳಗೆ ಗಂಟೆ, ಕುರಿಮರಿ, ಗೋದಲಿ. ಡಿಸೆಂಬರ್‌ಗೆ ಹೊರಬರಲಿರುವ ಎಂಟು ಹಾಡುಗಳ ಪಟ್ಟಿ ಇಂದು ಐದು ಗಂಟೆಯೊಳಗೆ ವಿತರಕರ ಪೋರ್ಟಲ್ ಸೇರಬೇಕು. ಒಂದು ಕಂಪನಿಗೆ ಒಂದೇ ಪಟ್ಟಿ, ಒಂದೇ ಸಲ. ಅದರಲ್ಲಿಲ್ಲದ ಹಾಡಿಗೆ ಈ ವರ್ಷ ಕ್ರಿಸ್‌ಮಸ್ ಇಲ್ಲ.

ಪಟ್ಟಿ ತಯಾರಿಸುವುದು ಶಿವಕುಮಾರಿಯ ಕೆಲಸ. ವಸಯಿಯ ಬ್ರಾಸ್ ಬ್ಯಾಂಡು, ಬಾಂದ್ರಾದ ಅಕ್ಕತಂಗಿಯರ ಕೊಂಕಣಿ ಹಾಡು, ಭಾಂಡುಪಿನ ಸಂತುವಿನ ರ‍್ಯಾಪ್. ಎಲ್ಲ ತುಂಬಿಯಾಗಿತ್ತು. ಏಳನೆಯದು ಬಾಲಯೇಸುವಿಗೆ ಕನ್ನಡದ ಜೋಗುಳ. ಅಲ್ಲಿ ಮಾತ್ರ ಹಾಡಿದವರ ಹೆಸರಿನ ಜಾಗ ಖಾಲಿ.

"ಅದನ್ನ ಹಂಗs ಬಿಡವಾ," ಎಂದಿದ್ದರು ಮಾಲೀಕ ಬಸವಂತರಾಯರು. "ಪೌಣೇಐದಕ್ಕ ಹೆಸರು ನಾನs ಕೊಡತೀನಿ. ಆಮ್ಯಾಲ ಕಳಸು."

ಆ ಜೋಗುಳವನ್ನು ಮೊದಲು ಹಾಡಿದವಳು ಶಿವಕುಮಾರಿ. ಸ್ಕ್ರ್ಯಾಚ್ ಎನ್ನುತ್ತಾರೆ ಅದಕ್ಕೆ. ಹೆಸರಿರುವ ಗಾಯಕಿಗೆ ದಾರಿ ತೋರಿಸಲು ಹೆಸರಿಲ್ಲದವಳೊಬ್ಬಳು ಮೊದಲು ಹಾಡಬೇಕು. ದೊಡ್ಡವರು ಅದನ್ನು ಕೇಳಿ, ಕಲಿತು, ಹಾಡುತ್ತಾರೆ. ಮೊದಲಿನ ದನಿಯನ್ನು ಅಳಿಸಿಹಾಕುತ್ತಾರೆ. ಆರು ವರ್ಷದಲ್ಲಿ ಹೀಗೆ ನಲವತ್ತೊಂದು ಹಾಡು ಅಳಿಸಿಹೋಗಿದ್ದವು. ಪ್ರತಿ ಡಿಸೆಂಬರ್‌ನಲ್ಲೂ ತಾಯಿ ಲಕ್ಷ್ಮವ್ವ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದಳು: "ಇದರಾಗ ನಿನ್ನ ದನಿ ಎಲ್ಲೈತಿ?"

ಈ ಸಲವಾದರೂ ನನ್ನ ದನಿ ಇಟ್ಟುಕೊಳ್ಳಿ ಎಂದು ಆಗಸ್ಟ್‌ನಲ್ಲಿ ಬಾಯಿಬಿಟ್ಟು ಕೇಳಿದ್ದಳು. "ನೋಡೂಣ," ಎಂದಿದ್ದರು ರಾಯರು. ಮರುವಾರವೇ ಮಾಧುರಿಯನ್ನು ಕರೆಸಿದರು.

ರೆಕಾರ್ಡಿಸ್ಟ್ ದೂಜ ಚಹಾದ ಕಪ್ಪು ಹಿಡಿದು ಸ್ಟುಡಿಯೋದಿಂದ ಹೊರಬಂದ.

"ಜೋಗುಳ ಮುಗೀತೇನು?" ಶಿವಕುಮಾರಿ ಕೇಳಿದಳು.

"ಮುಗೀತು ಮಾರಾಯ್ತಿ. ಇನ್ನು ಯಾರೂ ಹಾಡುವುದು ಬೇಡ ಅಂತ ಆಗಿದೆ." ಅವನು ಅವಳ ಮುಖ ನೋಡಲಿಲ್ಲ.

"ಮಾಧುರಿ ಎಷ್ಟು ಟೇಕ್ ತೊಗೊಂಡ್ರು?"

"ಒಂದೇ. ಅಷ್ಟರಲ್ಲೇ ಎಲ್ಲರಿಗೂ ಗೊತ್ತಾಯ್ತಲ್ಲ."

ಒಂದೇ. ಶಿವಕುಮಾರಿ ಒಂಬತ್ತು ಸಲ ಹಾಡಿದ್ದಳು.

ಅಷ್ಟರಲ್ಲಿ ಮಾಧುರಿಯೇ ಬಂದು ಮೇಜಿಗೆ ಒರಗಿ ನಿಂತಳು. ಗ್ಲಾಸಿನಲ್ಲಿ ಐಸು ಕಟಕಟ ಎಂದಿತು.

"ಆ ಗೋದಲಿ ವಾಲಾ ಸಾಲು ಕೇಳಿದ್ಯಾ, ಶಿವಕುಮಾರಿ? ಕಿತೀ ಛಾನ್, ಎಷ್ಟು ಚೆನ್ನಾಗಿ ಬಂದಿದೆ. ಎರಡು ದಿನದಿಂದ ನಾನು ಅದೇ ಕೇಳ್ತಾ ಇದ್ದೀನಿ."

"ನನಗ್ಯಾರು ಕೇಳಸ್ತಾರ್ರಿ."

"ಕೇಳ್ತೀಯ, ಕೇಳ್ತೀಯ." ಮಾಧುರಿ ನಕ್ಕಳು. "ತುಝಾ ಗಾಂವ್ ಅಥಣಿ, ಅಲ್ವಾ?"

"ಹೌದ್ರಿ. ಯಾಕ?"

"ಅಸಂಚ್. ಸುಮ್ನೆ."

ಸುಮ್ಮನೆ ಯಾರೂ ಊರು ಕೇಳುವುದಿಲ್ಲ. ಎಲ್ಲಿಂದ ಬಂದವಳು, ಎಲ್ಲಿರಬೇಕಾದವಳು ಎಂದು ನೆನಪಿಸಲು ಕೇಳುತ್ತಾರೆ. ಮಾಧುರಿ ಕ್ಯಾಬಿನ್ನಿಗೆ ಮರಳಿದಳು. ದೂಜನೂ ಅವಳ ಹಿಂದೆ ಹೋದ. ಒಳಗಿನಿಂದ ಮೂವರ ನಗೆ ಕೇಳಿಸಿತು.

ನಾಲ್ಕೂವರೆ. ಶಿವಕುಮಾರಿ ಏಳನೇ ಸಾಲನ್ನು ನೋಡಿದಳು. ಹೆಸರಿಲ್ಲದ ಸಾಲನ್ನು ಪೋರ್ಟಲ್ ಸ್ವೀಕರಿಸುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಹೇಳಬೇಕಾದದ್ದನ್ನು ಅವಳು ಮನಸ್ಸಿನಲ್ಲೇ ಜೋಡಿಸಿದಳು. ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು ಸರ್, ಉಳಿದ ಏಳಾದರೂ ತಪ್ಪದಿರಲಿ ಎಂದು ಕಳಿಸಿಬಿಟ್ಟೆ. ಎರಡು ಸಲ ಹೇಳಿ ನೋಡಿಕೊಂಡಳು. ಎಲ್ಲೂ ತಡವರಿಸಲಿಲ್ಲ.

ಆ ಸಾಲನ್ನೇ ಅಳಿಸಿದಳು. ಎಂಟನೆಯದು ಮೇಲೆ ಸರಿದು ಏಳನೆಯದಾಯಿತು. ಕಳಿಸಿದಳು.

'ಪಟ್ಟಿ ಸ್ವೀಕರಿಸಲಾಗಿದೆ. ಇನ್ನು ಬದಲಾವಣೆ ಸಾಧ್ಯವಿಲ್ಲ.'

ಎರಡು ತಿಂಗಳ ನಂತರ ಮೊದಲ ಬಾರಿಗೆ ಉಸಿರು ಸಲೀಸಾಗಿ ಆಡಿತು. ಈ ಡಿಸೆಂಬರ್‌ನಲ್ಲಿ ನಿನ್ನವ್ವನೂ ಹುಡುಕಲಿ ಮಾಧುರಿ, ದನಿ ಎಲ್ಲೈತಿ ಅಂತ.

ನಾಲ್ಕೂಮುಕ್ಕಾಲಿಗೆ ಸರಿಯಾಗಿ ಬಾಗಿಲು ತೆರೆಯಿತು. ಮುಂದೆ ದೂಜ, ಕೈಯಲ್ಲಿ ಬೈಕುಲ್ಲಾದ ಬೇಕರಿಯ ಪ್ಲಮ್ ಕೇಕು. ಹಿಂದೆ ಮಾಧುರಿ. ಕೊನೆಗೆ ರಾಯರು, ಮಡಿಸಿದ ಚೀಟಿಯೊಂದನ್ನು ಮುಂದೆ ಚಾಚಿ ಬಂದರು.

"ತೊಗೋವಾ, ನಿನ್ನ ಏಳನೇ ಸಾಲು. ನಾ ಒಲ್ಲೆ ಅಂದ್ರೂ ಈಕಿ ಮುಂಜಾನಿಂದ ನನ್ನ ತಲಿ ತಿಂದು ಬರದಾಳ. ಟೈಪ್ ಮಾಡಿ ಕಳಸಿಬಿಡು."

ನೆಟ್‌ವರ್ಕಿನ ಮಾತನ್ನು ನಾಲಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡು ಶಿವಕುಮಾರಿ ಚೀಟಿ ಬಿಡಿಸಿದಳು.

ಮಾಧುರಿಯ ಕೈಬರಹ, ದೇವನಾಗರಿ ಅಕ್ಷರ: 'ಗಾಯಕಿ: ಶಿವಕುಮಾರಿ, ಅಥಣಿ.'