ಗಂಡಿನ ಪರೀಕ್ಷೆ

"ನಿಮ್ಮಪ್ಪ ನಿನಗ ಹೊಡೀತಿದ್ನಂತ, ಖರೇ ಏನು?"

ಹೆಣ್ಣು ನೋಡಲು ಬಂದವನಿಗೆ ಕೇಳಿದ ಮೊದಲ ಪ್ರಶ್ನೆಯೇ ಇದು. ಮಂಡಕ್ಕಿಯ ಸುಸಲಾ ಬಾಯಿಗಿಡುತ್ತಿದ್ದ ಅಂಬರೇಶ ಕೈ ತಡೆದ. ಚಿತ್ತಾಪುರದ ನಿವೃತ್ತ ವಿಠೋಬಾ ಮಾಸ್ತರರು ಕನ್ನಡಕದ ಮೇಲಿಂದ ನೋಡುತ್ತಲೇ ಇದ್ದರು. ಮಗಳು ಶ್ರುತಿಗೆ ಬಂದ ಮೂರು ಸಂಬಂಧಗಳನ್ನು ಅವರು ಹೀಗೇ ಜರಡಿ ಹಿಡಿದು ಚೆಲ್ಲಿದ್ದರು. ಈ ಸಲ ಮಾತ್ರ ಮಗಳು ತಾಯಿಯ ಮೂಲಕ ಹೇಳಿಸಿದ್ದಳು: ವಾಡಿಯ ಈ ರೈಲ್ವೆ ಹುಡುಗ ಒಪ್ಪಿಗೆ, ನಾಳೆಯೇ ಮದುವೆಯಾದರೂ ಸರಿ.

"ಖರೇರಿ," ಎಂದ ಅಂಬರೇಶ. "ದಿನಾ ಹೊಡೀತಿದ್ರು. ಬೆಲ್ಟಿಲೆ."

ಪಕ್ಕದಲ್ಲಿದ್ದ ಅವನ ಸೋದರಮಾವ ಭೀಮಶಾ ತಲೆ ತಗ್ಗಿಸಿದ. ಮಾಸ್ತರರಿಗೆ ಒಳಗೊಳಗೇ ಖುಷಿ. ಪೆಟ್ಟು ತಿಂದು ಬೆಳೆದವನು ಪೆಟ್ಟು ಕೊಡದೆ ಬಿಟ್ಟಾನೆಯೇ? ಬೇವು ಬಿತ್ತಿ ಮಾವು ಬೆಳೆಯಲಾದೀತೇ? ಪತ್ರಿಕೆಯ ಮನಶ್ಶಾಸ್ತ್ರದ ಅಂಕಣಗಳನ್ನೆಲ್ಲ ಕತ್ತರಿಸಿಟ್ಟುಕೊಂಡವರು ಅವರು. ಯಾರ ಮಗ ಮುಂದೆ ಕೆಡುತ್ತಾನೆಂದು ಕೂತಲ್ಲೇ ಹೇಳಬಲ್ಲರು, ಯಾರೂ ಕೇಳದಿದ್ದರೂ.

"ಸಿಟ್ಟು ಬಂದ್ರ ಏನ್ ಮಾಡ್ತಿ?"

"ಎದ್ದು ಹೊರಗ ಹೋಗ್ತೀನ್ರಿ. ಆರಿದ ಮ್ಯಾಲ ಬರ್ತೀನಿ."

"ಇವತ್ತು ಹೊರಗ ಹೋಗ್ತಿ, ನಾಳಿ ಕೈ ಮಾಡ್ತಿ. ರಕ್ತದಾಗ ಬಂದದ್ದು ಎಲ್ಲಿ ಹೋಗ್ತದ?" ಮಾಸ್ತರರು ನಕ್ಕರು. "ನಮ್ಮಪ್ಪ ನನ್ನ ಮ್ಯಾಲ ಒಂದು ದಿನಾನೂ ಕೈ ಎತ್ತಿಲ್ಲ. ಅದಕ್ಕ ನೋಡು, ಮೂವತ್ತು ವರ್ಷ ಆತು, ಈ ಮನ್ಯಾಗ ಒಂದು ಎದುರು ಮಾತಿಲ್ಲ."

ಅದಂತೂ ನಿಜ. ಚಹಾ ತಂದ ಶ್ರುತಿ ತಂದೆಯ ಕಪ್ಪನ್ನು ಮೊಳ ದೂರದಿಂದಲೇ ಚಾಚಿ ಇಟ್ಟು ಹಿಂದೆ ಸರಿದಳು. ಹೆಂಡತಿ ಶಿವಕಾಂತಮ್ಮ ಗೋಡೆಗೆ ಒರಗಿ ನಿಂತು, ಯಾರು ಏನೆಂದರೂ ತಲೆಯಾಡಿಸುತ್ತಿದ್ದರು. ಎಂಥ ಶಿಸ್ತು ಎಂದು ಮಾಸ್ತರರಿಗೆ ಹೆಮ್ಮೆ. ಇಂಥ ಮನೆಯ ಹುಡುಗಿಯನ್ನು ಬೆಲ್ಟಿನ ಮನೆಗೆ ಕೊಡುವುದೆ?

ಭೀಮಶಾ ಕೈ ಮುಗಿದ. "ಮಾಸ್ತರ್ರ, ಹುಡುಗ ಭಾಳ ಸಂಭಾವಿತ ಅದಾನ್ರಿ. ಹುಡುಗೀನೂ ಒಂದು ಮಾತು ಕೇಳ್ರಲ್ಲ."

"ಅಪ್ಪಾ," ಎಂದಳು ಶ್ರುತಿ, ನೆಲ ನೋಡುತ್ತ. "ನನಗ ಒಪ್ಪಿಗಿ ಅದ."

ಮೂವತ್ತು ವರ್ಷದಲ್ಲಿ ಮೊದಲ ಎದುರು ಮಾತು, ಅದೂ ಪರರ ಮುಂದೆ. ಮಾಸ್ತರರ ಮುಖ ಕೆಂಪಾಯಿತು. "ಈ ಸಂಬಂಧ ಬ್ಯಾಡ. ಎದ್ದು ನಡೀರಿ," ಎಂದು ಬಂದವರಿಗೆ ಬಾಗಿಲು ತೋರಿಸಲು ಸರ್ರನೆ ಕೈ ಎತ್ತಿದರು.

ಅಂಬರೇಶ ಕೂತಲ್ಲೇ ಇದ್ದ. ತಾಯಿ, ಮಗಳು ಇಬ್ಬರೂ ಒಮ್ಮೆಲೇ ಕುಕ್ಕರಿಸಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು.