ಸೊಸೆಯ ಬಾಯಲ್ಲಿ ಅತ್ತೆ

ಅಡುಗೆಮನೆಯಿಂದ ತನ್ನದೇ ದನಿ ಕೇಳಿಬಂದಾಗ ಮಾಳಮ್ಮ ಪಡಸಾಲೆಯಲ್ಲಿ ತಾನೇ ಕರೆಸಿದ್ದ ಗುರಣ್ಣನ ಮುಂದೆ ಎಲೆ ಅಡಿಕೆಯ ತಾಟು ಇಡುತ್ತಿದ್ದಳು. ಹೊರಗೆ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಒಳಗೆ ಸೊಸೆ ಸವಿತಾ ರೊಟ್ಟಿ ಬಡಿಯುತ್ತಿದ್ದಳು, ಒಬ್ಬಳೇ. ಮಗ ದೇವು ನಸುಕಿನಲ್ಲೇ ಗದ್ದೆಗೆ ನೀರು ಬಿಡಲು ಕಾಲುವೆಯ ಕಡೆ ಹೋಗಿದ್ದ. ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ.

"ರಾತ್ರಿ ನಿದ್ದಿ ಬಂತೇನವ?" ಎಂದಿತು ಆ ದನಿ. ಮಾಳಮ್ಮನ ಹಾಗೇ ಒಡಕು ದನಿ. ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಕೆಮ್ಮು ಕೂಡ ಅವಳದೇ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಇಲ್ರಿ ಅತ್ತಿ," ಅಂದಳು ಸವಿತಾ, ಈ ಸಲ ತನ್ನ ದನಿಯಲ್ಲಿ. "ಕಣ್ಣ ಮುಚ್ಚಿದ್ರ ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ."

ಮಾಳಮ್ಮ ಹೆದರಿ ತಾಟನ್ನು ಅಲ್ಲೇ ಬಿಟ್ಟಳು. "ಕೇಳಿದ್ರೇನ್ರಿ? ದಿನಾ ಹಿಂಗ," ಎಂದು ಗುರಣ್ಣನ ಕಡೆ ಬಾಗಿ ಪಿಸುಗುಟ್ಟಿದಳು. "ಇವತ್ತ ನೀವು ಬರ್ತೀರಿ ಅಂತ ಹೇಳಿದ್ರೂ ನನಗೇನೂ ಹಿಡದಿಲ್ಲ ಅಂತಾಳ. ಸತ್ತವರು ಮೈಯಾಗ ಬರೋದು ಕೇಳೀನ್ರಿ. ನಾ ಇಲ್ಲೇ ಜೀವಂತ ಕುಂತೀನಿ, ನನ್ನ ದನಿ ಆಕಿ ಬಾಯಾಗ ಹೆಂಗ ಬಂತ್ರಿ?"

ಗುರಣ್ಣ ಸುರಪುರದ ಕಡೆಯವನು, ಗಾಳಿ ಬಿಡಿಸುವುದರಲ್ಲಿ ಪಳಗಿದ ಕೈ. ಬದುಕಿದ್ದವರ ಗಾಳಿಯನ್ನು ಅವನೂ ಕಂಡವನಲ್ಲ. ಹಾಗಂತ ಒಪ್ಪಿಕೊಂಡರೆ ಕಸುಬು ನಡೆಯಬೇಕಲ್ಲ! ಕೈಚೀಲದಿಂದ ಬೆತ್ತ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಭಾಳ ಹಟಮಾರಿ ಗಾಳಿ ಅದ ಯಕ್ಕಾ. ಏಟು ಬೀಳದ ಹೋಗಂಗಿಲ್ಲ. ನೀ ನಡುವ ಬರಬಾರ್ದು ನೋಡು ಮತ್ತ."

ಏಟಿನ ಮಾತು ಮಾಳಮ್ಮನಿಗೆ ಸರಿಬರಲಿಲ್ಲ. ಸವಿತಾ ಹೋದ ಸುಗ್ಗಿಯಲ್ಲಷ್ಟೇ ಹೆತ್ತವಳು. ಕೂಸು ಉಸಿರಾಡಲೇ ಇಲ್ಲ. ಸತ್ತ ಕೂಸಿನ ಮುಖ ತಾಯಿ ನೋಡಬಾರದು, ನೋಡಿದರೆ ಮರೆಯುವುದಿಲ್ಲ ಎಂದು ಮಾಳಮ್ಮನೇ ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಹೊಲದಲ್ಲಿ ಮಣ್ಣು ಮಾಡಿಸಿದ್ದಳು. ಅಂದಿನಿಂದ ಯಾರೂ ಆ ಮಾತು ಎತ್ತಕೂಡದೆಂದು ಮನೆಯವರ ಬಾಯಿಗೆಲ್ಲ ಬೀಗ ಹಾಕಿದಳು. ಸೊಸೆಯ ಮೇಲಿನ ಅಕ್ಕರೆಯಿಂದಲೇ ಹಾಕಿದ ಬೀಗ. ಹುಡುಗಿ ಊಟ ಬಿಟ್ಟಾಗ ಶಹಾಪುರದ ದವಾಖಾನೆಗೂ ತಾನೇ ಕರೆದೊಯ್ದಳು. ಅಲ್ಲಿನ ಮೇಡಮ್ಮು ಸೂಜಿ ಚುಚ್ಚಲಿಲ್ಲ, ಗುಳಿಗೆ ಕೊಡಲಿಲ್ಲ. ಸವಿತಾಳನ್ನು ಒಳಗೆ ಕೂರಿಸಿಕೊಂಡು ಬರೀ ಮಾತಾಡಿ ಕಳಿಸಿದಳು. ಮಾತಿನಿಂದ ವಾಸಿಯಾಗುವ ಜಡ್ಡು ಯಾವುದಪ್ಪಾ ಎಂದು ಮಾಳಮ್ಮ ಬಸ್ಸಿನಲ್ಲಿ ಊರು ಮುಟ್ಟುವ ತನಕ ಗೊಣಗಿದ್ದಳು.

"ತಡೀರಿ, ಒಮ್ಮೆ ನೋಡಿ ಬರ್ತೀನಿ," ಎಂದು ಗುರಣ್ಣನನ್ನು ಅಲ್ಲೇ ಕೂರಿಸಿ, ಗೋಡೆ ಹಿಡಿದುಕೊಂಡು ಸಪ್ಪಳವಾಗದಂತೆ ಅಡುಗೆಮನೆಯ ಬಾಗಿಲಿಗೆ ಬಂದಳು. ಸವಿತಾ ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ಕುಳಿತಿದ್ದಳು. ಅವಳ ಪಕ್ಕದಲ್ಲಿ ಒಂದು ಮಣೆ ಹಾಕಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಆದರೂ ಉತ್ತರ ಕೊಡುವಾಗಲೆಲ್ಲ ಅವಳು ಕೂತವರ ಮುಖ ನೋಡುವಂತೆ ಅತ್ತ ತಲೆ ಹೊರಳಿಸುತ್ತಿದ್ದಳು.

"ಮೇಡಮ್ಮು ಹೇಳಿದ್ದು ಮಾಡಾಕತ್ತೀಯೇನು?" ಒಡಕು ದನಿ ಕೇಳಿತು.

"ಮಾಡಾಕತ್ತೀನ್ರಿ. ಮನಸಿನಾಗಿಂದು ದಿನಾ ಯಾರ ಮುಂದರ ಹೇಳು ಅಂದ್ರು. ಕೇಳವರು ಯಾರೂ ಇಲ್ರಿ ಅಂದೆ. ಹಂಗಾದ್ರ ಯಾರು ಕೇಳ್ಲಿ ಅಂತ ನಿನಗ ಆಸಿ ಅದನೋ, ಅವರು ಬಾಜೂಕ ಕುಂತಾರಂತ ತಿಳಕೊಂಡು ಮಾತಾಡು ಅಂದ್ರು." ಸವಿತಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವ ನೆನಪಾದ್ರಿ."

ಮಾಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೆದರಿಕೆ ಹಾಗೇ ಇತ್ತು; ಅದರ ಜೊತೆಗೆ ಸಂಕಟವೂ ಸೇರಿಕೊಂಡಿತು. ಆ ಖಾಲಿ ಮಣೆಯ ಮೇಲೆ ಕೂತಿರುವವಳು ತಾನು. ತಾನು ಒಮ್ಮೆಯೂ ಆಡದ ಮಾತನ್ನು ಅಲ್ಲಿ ಕೂತು ದಿನಾ ಆಡುತ್ತಿದ್ದಾಳೆ, ಎಷ್ಟು ಮೆತ್ತಗೆ ಆಡುತ್ತಿದ್ದಾಳೆ. ಆ ಮಣೆಯವಳ ಮೇಲೆ ಮಾಳಮ್ಮನಿಗೆ ಹೊಟ್ಟೆಕಿಚ್ಚೇ ಆಯಿತು.

"ಒಂದ ಮಾತು ಕೇಳ್ಲೇನ್ರಿ ಅತ್ತಿ?" ಸವಿತಾ ಮಣೆಯ ಕಡೆಗೆ ಬಾಗಿದಳು. "ನೀವೊಬ್ರ ನೋಡೀರಿ. ಕೂಸು ಯಾರಂಗಿತ್ರಿ?"

ಒಡಕು ದನಿ ಒಮ್ಮೆ ಕೆಮ್ಮಿತು, ಸುಮ್ಮನಾಯಿತು. ಪಾಪ, ಅದಕ್ಕಾದರೂ ಹೇಗೆ ಗೊತ್ತಿರಬೇಕು? ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಸವಿತಾ ಕೈ ಚಾಚಲಿಲ್ಲ. ಖಾಲಿ ಮಣೆಯನ್ನೇ ನೋಡುತ್ತ, ಉತ್ತರ ಬಂದೇ ಬರುತ್ತದೆ ಎಂಬಂತೆ ಕಾದಳು. ಅವಳು ಹಾಗೆ ಕಾಯುವುದನ್ನು ಮಾಳಮ್ಮನಿಂದ ನೋಡಲಾಗಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ನಿನ್ನಂಗ ಇತ್ತವ," ಅಂದಳು ಬಾಗಿಲಲ್ಲಿ ನಿಂತೇ. "ಗದ್ದದ ಮ್ಯಾಲ ಕುಳಿ ಇತ್ತು."

ಸವಿತಾಳ ಬೆನ್ನು ಸೆಟೆಯಿತು. ಅವಳು ತಿರುಗಿ ನೋಡಲಿಲ್ಲ. ಹಿಟ್ಟು ಮೆತ್ತಿದ ಬೆರಳುಗಳನ್ನು ಮೆಲ್ಲಗೆ ಬಾಯಿಗೆ ತಂದು ತನ್ನ ತುಟಿಗಳನ್ನು ಮುಟ್ಟಿ ನೋಡಿಕೊಂಡಳು. ಮುಚ್ಚಿದ್ದವು. ಇನ್ನೊಮ್ಮೆ ಮುಟ್ಟಿದಳು. ಆಮೇಲೆ, ಪಡಸಾಲೆಯ ತನಕ ಕೇಳುವಂತೆ ಕಿರುಚಿದಳು:

"ಅತ್ತೀ! ಗುರಣ್ಣಗ ಒಳಗ ಬರಾಕ ಹೇಳ್ರಿ! ನನಗ ಖರೇನ ಹಿಡದದ!"